ಸೊನ್ನೆಯಕ್ಕ ಅಳಿಸಿದ ಮಾತುಗಳು

ಬೆಳಗಿನ ಐದೂಕಾಲು. ಬೀದಿದೀಪ ಇನ್ನೂ ಆರಿಲ್ಲ, ಆದರೆ ಅದರ ಅಗತ್ಯ ಮುಗಿಯುತ್ತ ಬಂದಿದೆ. ಮಾರುಕಟ್ಟೆ ಕಟ್ಟಡದ ನೆಲಮಾಳಿಗೆಯಲ್ಲಿ ಒಂದೇ ಒಂದು ಷಟರು ಅರ್ಧಕ್ಕೆ ಎದ್ದಿದೆ. ಒಳಗೆ ಉದ್ದನೆಯ ಮೇಜಿನ ಮೇಲೆ ಆರು ಲ್ಯಾಪ್‌ಟಾಪ್‌ಗಳು ಬಾಯಿ ತೆರೆದು ಸಾಲಾಗಿ ಕೂತಿವೆ, ಹಲ್ಲಿನ ಡಾಕ್ಟರ ಮುಂದೆ ಕೂರಿಸಿದ ಶಾಲೆಮಕ್ಕಳ ಹಾಗೆ. ಐವತ್ತೊಂದರ ಪ್ರಾಯದ ಹೆಂಗಸೊಬ್ಬರು ಸವೆದ ಟೂತ್‌ಬ್ರಷ್ ಹಿಡಿದು ಮೊದಲನೆಯದರ ಕೀಲಿಗಳ ಸಂದಿಯಿಂದ ಬಿಸ್ಕತ್ತಿನ ಪುಡಿ, ಒಂದು ಕೂದಲು, ಅರ್ಧ ಉಗುರು ಕೆದಕಿ ತೆಗೆಯುತ್ತಾರೆ. ಮುಚ್ಚಳದ ಮೇಲೆ ಯಾರೋ ಅಂಟಿಸಿದ ಚಿಟ್ಟೆಯ ಸ್ಟಿಕರಿಗೆ ಹೇರ್‌ಡ್ರೈಯರಿನ ಬಿಸಿಗಾಳಿ ಹಿಡಿದು, ಸುಟ್ಟ ಗಾಯದ ಪಟ್ಟಿ ಬಿಚ್ಚುವಷ್ಟು ನಿಧಾನವಾಗಿ ಸುಲಿಯುತ್ತಾರೆ.

ಆಮೇಲೆ ಪೆನ್‌ಡ್ರೈವ್ ಚುಚ್ಚಿ ನಾಲ್ಕಾರು ಕೀಲಿ ಒತ್ತುತ್ತಾರೆ. ಪರದೆ ಕೇಳುತ್ತದೆ, ಎಲ್ಲವನ್ನೂ ಅಳಿಸಬೇಕೇ? ಇಲ್ಲಿ ಅವರ ಕೈ ಕೀಲಿಮಣೆಯಿಂದ ಎದ್ದು ಮಡಿಲಿಗೆ ಬರುತ್ತದೆ. ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಚೀಟಿಗಳಲ್ಲಿ ಆ ಯಂತ್ರದ್ದನ್ನು ಹುಡುಕಿ ಮತ್ತೊಮ್ಮೆ ಓದುತ್ತಾರೆ. ಓದಿ, ಒತ್ತುತ್ತಾರೆ. ಹೀಗೆ ಆರು ಸಲ. ಆರು ಪರದೆಗಳ ಮೇಲೂ ಶೇಕಡಾವಾರು ಅಂಕಿ ತೆವಳಲು ಶುರು. ಇನ್ನು ಒಂದೂಮುಕ್ಕಾಲು ಗಂಟೆ ಇವಕ್ಕೆ ಮನುಷ್ಯರ ಹಂಗಿಲ್ಲ. ಅವರು ಷಟರು ಎಳೆದು, ನೀಲಿ ರಟ್ಟಿನ ನೋಟ್‌ಪುಸ್ತಕವೊಂದನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಾರೆ. ಎರಡು ಓಣಿ ದಾಟಿದರೆ ಲಿಫ್ಟ್ ಮೇಸ್ತ್ರಿಯ ಮನೆ. ಎಂಟು ತಿಂಗಳಿಂದ ಒಂದು ಬೆಳಿಗ್ಗೆಯೂ ತಪ್ಪದೆ ಅವರು ಅಲ್ಲಿಗೆ ಹೋಗುತ್ತಿದ್ದಾರೆ. ಯಾಕೆ ಎಂದರೆ, “ಕೊಡಬೇಕಾದ್ದಿದೆ” ಎನ್ನುತ್ತಾರೆ.

ಓಣಿಯವರು ಇವರನ್ನು ಕರೆಯುವುದು ಸೊನ್ನೆಯಕ್ಕ ಎಂದು. ಲ್ಯಾಪ್‌ಟಾಪನ್ನು ಕಾರ್ಖಾನೆಯಿಂದ ಹೊರಬಿದ್ದ ದಿನದ ಸ್ಥಿತಿಗೆ ತಂದುಕೊಡುವುದು ಇವರ ಕಸುಬು. ಕಚೇರಿಗಳು ಮಾರುವ ಹಳೆಯ ಯಂತ್ರಗಳು, ಅಣ್ಣನಿಂದ ತಂಗಿಗೆ ಇಳಿಯುವ ಯಂತ್ರಗಳು, ವೈರಸ್ ಹೊಕ್ಕು ತಲೆಕೆಟ್ಟವು, ವಯಸ್ಸಾಗಿ ಮಂಕಾದವು, ಎಲ್ಲವೂ ಇವರ ಮೇಜಿಗೆ ಬಂದು ಸೊನ್ನೆಯಾಗಿ ಹೋಗುತ್ತವೆ. ದಿನಕ್ಕೆ ಹದಿನಾಲ್ಕು, ವಾರದ ಕೊನೆಯಲ್ಲಿ ಹದಿನೆಂಟು. ಒಂದೊಂದಕ್ಕೂ ಇಪ್ಪತ್ತೈದು ನಿಮಿಷ ಕೈಕೆಲಸ, ಉಳಿದದ್ದು ಕಾಯುವ ಕೆಲಸ. ಹನ್ನೊಂದು ವರ್ಷದಲ್ಲಿ ನಲವತ್ತೈದು ಸಾವಿರ ಯಂತ್ರಗಳು ಇವರ ಕೈಯಲ್ಲಿ ಮರೆತಿವೆ.

ತಮಾಷೆಗೇನೂ ಬರವಿಲ್ಲ. ಮೇಲಿನ ಅಂತಸ್ತಿನ ಗುಂಡಿ ಅಂಗಡಿಯ ಹೆಂಗಸು ದಿನಕ್ಕೊಮ್ಮೆಯಾದರೂ ಇಣುಕಿ ಕೇಳುತ್ತಾಳೆ, “ಅಕ್ಕಾ, ನಮ್ಮ ಯಜಮಾನ್ರನ್ನೂ ಒಂದ್ಸಲ ಹೊಸದಾಗಿ ಬಂದ ದಿನದ ಸ್ಥಿತಿಗೆ ತಂದ್ಕೊಡ್ತೀರಾ?”

“ಆ ಮಾಡೆಲ್ ನಿಂತುಹೋಗಿದೆಯಮ್ಮಾ. ಬಿಡಿಭಾಗ ಸಿಗಲ್ಲ.”

ಸೊನ್ನೆಯಕ್ಕ ಮೊದಲು ಬೆರಳಚ್ಚುಗಾರ್ತಿ. ಹತ್ತೊಂಬತ್ತು ವರ್ಷ ಒಂದು ವಿಮಾ ಕಚೇರಿಯಲ್ಲಿ ಕೂತು ಅರ್ಜಿಗಳನ್ನು ಕಂಪ್ಯೂಟರಿಗೆ ಏರಿಸಿದವರು. ಕಚೇರಿ ಮುಚ್ಚುವ ವಾರ, ಮಾರಾಟಕ್ಕೆ ಮುಂಚೆ ಎಲ್ಲ ಯಂತ್ರಗಳನ್ನೂ ಖಾಲಿ ಮಾಡುವ ಕೆಲಸವನ್ನು ಇವರಿಗೇ ಹಚ್ಚಿದರು. ನೂರಾ ನಲವತ್ತು ಯಂತ್ರ. ಕೊನೆಯದು ಇವರದೇ. “ಹತ್ತೊಂಬತ್ತು ವರ್ಷ ಏರಿಸಿದ್ದನ್ನ ನಾಲ್ಕು ದಿನದಲ್ಲಿ ಇಳಿಸಿದೆ,” ಎಂದು ನಗುತ್ತಾರೆ. “ಇಳಿಸೋದು ಸುಲಭ ಅಂತ ಆವಾಗ್ಲೇ ಗೊತ್ತಾಗಿದ್ದು. ಯಂತ್ರ ಕೊಂಡವನೇ ಈ ಅಂಗಡಿ ಯಜಮಾನ. ಕೆಲಸ ನೋಡಿ, ‘ಬರ್ತೀರೇನಮ್ಮಾ’ ಅಂದ. ಬಂದೆ.”

ಅವರ ಗಂಡ ಕನ್ನಡಕದ ಗಾಜು ಉಜ್ಜುವವರು, ಮಿತಭಾಷಿ. ಹೆಂಡತಿಯ ಬಗ್ಗೆ ಕೇಳಿದರೆ ಮಾತ್ರ ಬಾಯಿ ಬಿಡುತ್ತಾರೆ. “ಇವಳ ಕೈಗೆ ಸಿಕ್ಕಿದ್ದೆಲ್ಲಾ ಫಳಫಳ. ಆದ್ರೆ ಈಗ ಎಂಟು ತಿಂಗಳಿಂದ ತಟ್ಟೆ ತೊಳೆಯೋಕ್ ಮುಂಚೆನೂ ಕೇಳ್ತಾಳೆ, ‘ಇದ್ರಲ್ಲಿ ಏನಾದ್ರೂ ಬೇಕಿತ್ತಾ?’ ಅಂತ. ತಟ್ಟೇಲಿ ಏನಿರುತ್ತೆ ಮಾರಾಯ್ರೆ, ಜಿಡ್ಡು!”

ಈ ಕಸುಬಿನಲ್ಲಿ ಸೊನ್ನೆಯಕ್ಕನಿಗೆ ಒಂದು ವ್ರತದಂಥ ನಿಯಮ ಇತ್ತು. ಇನ್ನೊಬ್ಬರ ಯಂತ್ರದ ಒಳಗಿರುವುದನ್ನು ನೋಡಬಾರದು. ಫೋಟೊ, ಪತ್ರ, ಲೆಕ್ಕ ಯಾವುದನ್ನೂ ತೆರೆಯುವುದಿಲ್ಲ. ಬೇಕಾದ್ದನ್ನು ಗಿರಾಕಿಯೇ ತೆಗೆದಿಟ್ಟುಕೊಳ್ಳಬೇಕು, ತೆಗೆದಿಟ್ಟುಕೊಂಡಿದ್ದೇನೆ ಎಂದು ಚೀಟಿಗೆ ಸಹಿ ಹಾಕಬೇಕು. ಚೀಟಿಯಲ್ಲಿ ಹದಿನೇಳು ಪ್ರಶ್ನೆಗಳಿದ್ದವು, ಎಲ್ಲ ಇವರೇ ಅನುಭವದಿಂದ ಒಂದೊಂದಾಗಿ ಸೇರಿಸಿದವು. “ಬೇರೆಯವರ ಮನೆ ಗುಡಿಸೋಕೆ ಹೋದವರು ಕಪಾಟು ತೆಗೀಬಾರದು. ಕಣ್ಣು ನೆಲದ ಮೇಲಿರಬೇಕು,” ಎನ್ನುತ್ತಾರೆ. ಈ ನಿಯತ್ತಿಗಾಗಿಯೇ ದೂರದ ಕಚೇರಿಗಳೂ ಇವರನ್ನು ಹುಡುಕಿಕೊಂಡು ಬರುತ್ತಿದ್ದವು. ಎಡವಿದ್ದೂ ಈ ನಿಯತ್ತಿಗೇ.

ಲಿಫ್ಟ್ ಮೇಸ್ತ್ರಿಯ ಮನೆ ನೆಲಮಟ್ಟದ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಎತ್ತರಿಸಬಹುದಾದ ಕಬ್ಬಿಣದ ಮಂಚ, ಕಿಟಕಿಯ ಕಡೆ ತಿರುಗಿಸಿದ್ದು. ಮಂಚಕ್ಕೆ ಬೆಸುಗೆ ಹಾಕಿದ ಕೊಳವೆಯ ತುದಿಯಲ್ಲಿ ಲ್ಯಾಪ್‌ಟಾಪ್. ಮೂವತ್ತು ವರ್ಷ ಲಿಫ್ಟುಗಳ ಬಾವಿಯಲ್ಲಿ ನೇತಾಡಿ ಹಗ್ಗ, ಗಾಲಿ, ಬ್ರೇಕು ಸರಿಮಾಡಿದ ಮನುಷ್ಯ ಈಗ ಮಲಗಿದ್ದಲ್ಲೇ ಇದ್ದಾರೆ. ಏಳು ವರ್ಷದ ಹಿಂದೆ ನರಗಳ ಕಾಯಿಲೆ ಕಾಲಿನಿಂದ ಶುರುವಾಗಿ ಮೇಲೇರಿತು. ಕೈ ಹೋಯಿತು, ನಾಲಿಗೆ ಹೋಯಿತು. ಉಳಿದಿರುವುದು ಕಣ್ಣು, ಕಿವಿ, ಬುದ್ಧಿ, ಬಲಗೈಯ ಹೆಬ್ಬೆರಳು. ಹೆಬ್ಬೆರಳ ಕೆಳಗೆ ನಾಣ್ಯದಗಲದ ಒಂದು ಗುಂಡಿ.

ಪರದೆಯ ಮೇಲೆ ಅಕ್ಷರಗಳ ಸಾಲುಗಳಿವೆ. ಹಳದಿ ಬೆಳಕೊಂದು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಗುಂಡಿ ಒತ್ತಿದರೆ ಬೆಳಕು ಆ ಸಾಲಿನೊಳಗೆ ಅಕ್ಷರದಿಂದ ಅಕ್ಷರಕ್ಕೆ ನಡೆಯುತ್ತದೆ. ಮತ್ತೆ ಒತ್ತಿದರೆ ಅಕ್ಷರ ಸಿಕ್ಕಿತು. ಕಾಗುಣಿತಕ್ಕೆ ಇನ್ನೊಂದು ಸಲ. ವಾಕ್ಯ ಮುಗಿದರೆ ಯಂತ್ರ ಅದನ್ನು ಗಂಡಸಿನ ದನಿಯಲ್ಲಿ ಓದಿ ಹೇಳುತ್ತದೆ. ಹೀಗೆ ಒಂದೊಂದೇ ಅಕ್ಷರ ಹೆಕ್ಕಿ ಮಾತಾಡುವುದೆಂದರೆ ಚಮಚದಲ್ಲಿ ಬಾವಿ ತೋಡಿದ ಹಾಗೆ. ಆದರೆ ಈ ಪ್ರೋಗ್ರಾಮಿಗೆ ಒಂದು ಗುಣವಿದೆ. ಬಳಸುವವರ ಮಾತಿನ ಚಾಳಿಯನ್ನು ಅದು ಕಲಿಯುತ್ತದೆ. ಎರಡು ಅಕ್ಷರ ಕೊಟ್ಟರೆ ಇಡೀ ಪದ, ಎರಡು ಪದ ಕೊಟ್ಟರೆ ಇಡೀ ವಾಕ್ಯ ಮುಂದೆ ಹಿಡಿಯುತ್ತದೆ. ನಾಲ್ಕು ವರ್ಷ ಕಲಿತಿದ್ದ ಮೇಸ್ತ್ರಿಯ ಯಂತ್ರ, ಮೇಸ್ತ್ರಿ ಬಾಯಿ ತೆರೆಯುವ ಮುಂಚೆಯೇ ಏನನ್ನುತ್ತಾರೆ ಎಂದು ಬಲ್ಲ ಹೆಂಡತಿಯಂತಾಗಿತ್ತು.

ಎಂಟು ತಿಂಗಳ ಹಿಂದೆ ಅದು ಬಹಳ ನಿಧಾನವಾಯಿತು. ವಾಕ್ಯದ ನಡುವೆ ತಟ್ಟನೆ ನಿಂತುಬಿಡುತ್ತಿತ್ತು. ಮೇಸ್ತ್ರಿಯ ಹೆಂಡತಿ ಅದನ್ನು ಸೊನ್ನೆಯಕ್ಕನ ಅಂಗಡಿಗೆ ತಂದರು. ಫೋಟೊ, ಪತ್ರಗಳನ್ನೆಲ್ಲ ಅವರ ತಮ್ಮ ಪೆನ್‌ಡ್ರೈವಿಗೆ ತುಂಬಿಟ್ಟಿದ್ದ. ಹದಿನೇಳು ಪ್ರಶ್ನೆಗೂ ಉತ್ತರ ಕೊಟ್ಟು ಸಹಿ ಹಾಕಿದರು. ಸೊನ್ನೆಯಕ್ಕ ಯಂತ್ರವನ್ನು ಮೊದಲಿನ ಸ್ಥಿತಿಗೆ ತಂದರು, ಮಾತಿನ ಪ್ರೋಗ್ರಾಮನ್ನು ಹೊಸದಾಗಿ ಹಾಕಿದರು, ಬೆಳಕು ಓಡುತ್ತದೆಯೇ, ದನಿ ಬರುತ್ತದೆಯೇ ನೋಡಿದರು. ಎಲ್ಲ ಸರಿಯಿತ್ತು. ಯಂತ್ರ ಕುದುರೆಯ ಹಾಗೆ ಓಡುತ್ತಿತ್ತು.

ಕಲಿತ ಮಾತುಗಳು ಇದ್ದದ್ದು ಪ್ರೋಗ್ರಾಮಿನ ಹೊಟ್ಟೆಯೊಳಗಿನ ಒಂದು ಅಡಗಿದ ಕಡತದಲ್ಲಿ. ಫೋಟೊಗಳ ಜೊತೆ ಅದು ಇರಲಿಲ್ಲ, ಪತ್ರಗಳ ಜೊತೆಯೂ ಇರಲಿಲ್ಲ. ಅಂಥದೊಂದು ಇದೆ ಎಂದು ಮನೆಯವರಿಗೆ ಗೊತ್ತಿರಲಿಲ್ಲ. ಅಳಿಸುವ ಮುಂಚೆ ಪ್ರೋಗ್ರಾಮನ್ನು ಒಮ್ಮೆ ತೆರೆದು ಎರಡು ಅಕ್ಷರ ಒತ್ತಿದ್ದರೆ ಸೊನ್ನೆಯಕ್ಕನಿಗೆ ಗೊತ್ತಾಗಿಬಿಡುತ್ತಿತ್ತು. ಅವರು ತೆರೆಯಲಿಲ್ಲ. ಕಪಾಟು ತೆಗೆಯುವವರಲ್ಲವಲ್ಲ.

“ಎರಡು ದಿನ ಇವರು ಮಾತೇ ಆಡ್ಲಿಲ್ಲ. ಏನೋ ಮುನಿಸು ಅಂದ್ಕೊಂಡೆ. ನಾನೂ ಮುನಿಸ್ಕೊಂಡೆ,” ಎನ್ನುತ್ತಾರೆ ಮೇಸ್ತ್ರಿಯ ಹೆಂಡತಿ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಅವರ ಕೆಲಸ. ಬೆಳಿಗ್ಗೆ ಏಳಕ್ಕೆ ಗಾಡಿ ಬಂದು ಕರೆದೊಯ್ಯುತ್ತದೆ, ಆಗ ಪಕ್ಕದ ಮನೆಯ ಅಜ್ಜಿ ಬಂದು ಮೇಸ್ತ್ರಿಯ ಹತ್ತಿರ ಕೂರುತ್ತಾರೆ. “ಮೂರನೇ ದಿನ ಪಕ್ಕದಲ್ಲಿ ಕೂತು ನೋಡ್ತೀನಿ, ಹೆಬ್ಬೆರಳು ಒಂದೇ ಸಮ ಒತ್ತುತ್ತಾ ಇದೆ, ಹಣೆ ಎಲ್ಲಾ ಬೆವರು. ಆರು ನಿಮಿಷ ಆದ್ಮೇಲೆ ಯಂತ್ರ ಹೇಳ್ತು, ‘ನನ್ನ ಮಾತೆಲ್ಲಿ’ ಅಂತ.”

ಖಾಲಿಯಾದ ಯಂತ್ರ ತನ್ನ ಜೊತೆ ಬಂದ ಮೂಲ ಪದಪಟ್ಟಿಯನ್ನಷ್ಟೇ ಬಲ್ಲದು. ಆ ಪಟ್ಟಿ ಮಾಡಿದವರು ಯಾರೋ ಸುತ್ತೋಲೆ ಬರೆಯುವವರಿರಬೇಕು. ‘ದಿ’ ಒತ್ತಿ ದಿಂಬು ಕೇಳಿದರೆ ‘ದಿನಾಂಕ’ ಕೊಡುತ್ತಿತ್ತು. ‘ಕೆರೀತಿದೆ’ ಎನ್ನಹೊರಟರೆ ‘ಕೆಳಕಂಡ’ ಮುಂದೆ ಹಿಡಿಯುತ್ತಿತ್ತು. ಬೆನ್ನು ಕೆರೆಯುತ್ತಿರುವ ಮನುಷ್ಯನಿಗೆ ಅದು ಯಾವ ಉಪಕಾರ?

ಸೊನ್ನೆಯಕ್ಕ ಯಂತ್ರವನ್ನು ಮತ್ತೆ ಅಂಗಡಿಗೊಯ್ದು ಮೂರು ದಿನ ಅದರ ಮುಂದೆ ಕೂತರು. ಹಳೆಯ ಕಾಲದ ತಿರುಗುವ ತಟ್ಟೆಯ ಡಿಸ್ಕಾಗಿದ್ದರೆ ಸ್ಲೇಟು ಒರೆಸಿದ ಮೇಲೂ ಉಳಿಯುವ ಬಿಳಿ ಗೀರಿನಂತೆ ಏನಾದರೂ ಸಿಗುತ್ತಿತ್ತೇನೋ. ಈಗಿನ ಡಿಸ್ಕು ತಟ್ಟೆಯಿಲ್ಲದ ಬರೀ ಚಿಪ್. ಅಳಿಸು ಎಂದದ್ದೇ ತಡ, ಒಳಗೇ ಅಚ್ಚುಕಟ್ಟಾಗಿ ಗುಡಿಸಿ ಸಾರಿಸಿಬಿಡುತ್ತದೆ. ಹುಡುಕುವ ಸಾಧನಗಳೆಲ್ಲ ಮುಗಿದ ಮೇಲೆ ಪರದೆ ತೋರಿಸಿದ್ದು ಸಾಲು ಸಾಲು ಸೊನ್ನೆ. ಕೆಲವು ದಾರಿಗಳಲ್ಲಿ ಹೋಗುವುದಷ್ಟೇ ಇರುತ್ತದೆ, ಬರುವುದಿರುವುದಿಲ್ಲ; ಭೌತಶಾಸ್ತ್ರದ ತರಗತಿಯಲ್ಲಿ ಇದನ್ನು ಒಡೆದ ಮೊಟ್ಟೆಯ ಉದಾಹರಣೆ ಕೊಟ್ಟು ಕಲಿಸುತ್ತಾರೆ. ಸೊನ್ನೆಯಕ್ಕ ಅದನ್ನು ಮೇಜಿನ ಮೇಲೆ ಕಲಿತರು. “ಮೊದಲನೇ ದಿನಕ್ಕೆ ತರೋದು ನನಗೆ ಬರುತ್ತೆ. ಹೋದ ವಾರಕ್ಕೆ ತರೋದು ಯಾರಿಗೂ ಬರಲ್ಲ,” ಎಂದು ಅವರು ಹೇಳುವಾಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಸುಮ್ಮನೆ ತಿರುಗುತ್ತಿರುತ್ತದೆ.

ಅಂಗಡಿ ಯಜಮಾನರ ಲೆಕ್ಕದಲ್ಲಿ ತಪ್ಪು ಯಾರದೂ ಅಲ್ಲ. “ಚೀಟಿಗೆ ಸಹಿ ಇದೆ ಅಕ್ಕಾ. ಅವರೇ ಹಾಕಿದ್ದು. ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ?”

“ಸಹಿ ಅವರದು. ಒತ್ತಿದ ಕೈ ನನ್ನದಲ್ವಾ?”

ಕ್ಷಮೆ ಕೇಳಲು ಹೋದ ಸಂಜೆಯನ್ನು ಅವರು ಹೆಚ್ಚು ವಿವರಿಸುವುದಿಲ್ಲ. ಮೇಸ್ತ್ರಿ ತಮ್ಮನ್ನು ನೋಡಿದರು, ನೋಡಿ ಕಿಟಕಿಯ ಕಡೆ ಕಣ್ಣು ತಿರುಗಿಸಿದರು, ಅಷ್ಟೇ ಎನ್ನುತ್ತಾರೆ. “ಬಾಯ್ತುಂಬ ಬೈದಿದ್ರೆ ಹಗುರ ಆಗ್ತಿತ್ತು. ಬೈಯೋಕೂ ನಾನು ಏನೂ ಉಳಿಸಿರ್ಲಿಲ್ಲ ನೋಡಿ.” ಮರುದಿನದಿಂದ ಚೀಟಿಗೆ ಹದಿನೆಂಟನೆಯ ಪ್ರಶ್ನೆ ಸೇರಿತು. ‘ಈ ಯಂತ್ರ ನಿಮ್ಮಿಂದ ಏನಾದರೂ ಕಲಿತಿದೆಯೇ?’ ಗಿರಾಕಿಗಳು ನಗುತ್ತಾರೆ. ಒಬ್ಬ, “ಸೋಮಾರಿತನ” ಎಂದು ಬರೆದಿದ್ದ. ಸೊನ್ನೆಯಕ್ಕ ನಗದೆ ಅವನನ್ನು ಕೂರಿಸಿ, ಯಾವ ಯಾವ ಪ್ರೋಗ್ರಾಮು ಬಳಸುತ್ತೀರಿ ಎಂದು ಕಾಲು ಗಂಟೆ ವಿಚಾರಿಸಿದರು.

ಅದರ ಮರುದಿನದಿಂದ ಈ ಬೆಳಗಿನ ಪಾಠ. ಕಳೆದದ್ದು ಸಿಗದಿದ್ದರೆ ಹೊಸದಾಗಿ ಕಲಿಸಬೇಕು. ಪ್ರೋಗ್ರಾಮಿನಲ್ಲಿ ಅದಕ್ಕೊಂದು ಕಿಟಕಿಯಿದೆ. ಅಲ್ಲಿ ಮೇಸ್ತ್ರಿಯ ಮಾತುಗಳನ್ನು ಟೈಪು ಮಾಡುತ್ತ ಹೋದರೆ ಯಂತ್ರ ಅವನ್ನು ಹೀರಿಕೊಳ್ಳುತ್ತದೆ. ಹೆಂಡತಿಯ, ಭಾಮೈದನ ಫೋನುಗಳಲ್ಲಿ ಮೇಸ್ತ್ರಿ ಕಳಿಸಿದ್ದ ಇನ್ನೂರ ಹನ್ನೆರಡು ಸಂದೇಶಗಳಿದ್ದವು. ಅವು ಒಂದೇ ದಿನದಲ್ಲಿ ಮುಗಿದವು. ಆದರೆ ಮನುಷ್ಯ ಮನೆಯಲ್ಲಿ ಆಡುವ ಮಾತು ಸಂದೇಶದಲ್ಲಿರುತ್ತದೆಯೇ? ಅದು ಇರುವುದು ಕೇಳಿದವರ ಕಿವಿಯಲ್ಲಿ. ಹಾಗಾಗಿ ಬೆಳಿಗ್ಗೆ ಐದೂಮುಕ್ಕಾಲರಿಂದ ಏಳರವರೆಗೆ ಹೆಂಡತಿ ನೆನಪು ಮಾಡಿಕೊಂಡು ಹೇಳುವುದು, ಸೊನ್ನೆಯಕ್ಕ ಟೈಪು ಮಾಡುವುದು, ಮೇಸ್ತ್ರಿ ಕೇಳುತ್ತ ಮಲಗುವುದು. ಹೌದಾದರೆ ಒಂದು ಸಲ ಗುಂಡಿ, ಅಲ್ಲವಾದರೆ ಎರಡು ಸಲ.

“ಬರ್ಕೊಳ್ಳಿ ಅಕ್ಕಾ. ‘ಏ ಇವಳೇ, ಚಹಾ ಇದೇನು ಕಾಲು ತೊಳೆದ ನೀರಾ?’”

ಟಕ್. ಹೌದು.

“‘ನಿಮ್ಮಮ್ಮ ಬಂದ್ರೆ ನಾನು ನಿದ್ದೆ ಮಾಡ್ತಿದೀನಿ ಅಂತ ಹೇಳು.’”

ಟಕ್.

“‘ನಿನ್ನಂಥ ಹೆಂಡ್ತಿ ಸಿಕ್ಕಿದ್ದು ನನ್ನ ಪುಣ್ಯ.’”

ಟಕ್ ಟಕ್. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. “ನೋಡೋಣ ಅಂತ ಹಾಕ್ದೆ ಅಕ್ಕಾ. ಬಿದ್ರೆ ಬೀಳ್ಲಿ ಅಂತ.”

ನೀಲಿ ನೋಟ್‌ಪುಸ್ತಕ ಇರುವುದು ಎಣಿಕೆಗೆ. ಪ್ರತಿದಿನ ಪಾಠದ ಕೊನೆಗೆ ಮೇಸ್ತ್ರಿ ಒಂದೇ ವಾಕ್ಯ ಹೇಳಬೇಕು, ‘ದಿಂಬು ಮೇಲೆತ್ತು, ಕುತ್ತಿಗೆ ನೋಯ್ತಿದೆ.’ ಎಷ್ಟು ಸಲ ಗುಂಡಿ ಒತ್ತಿದರು ಎಂದು ಸೊನ್ನೆಯಕ್ಕ ಬರೆಯುತ್ತಾರೆ. ಹಿಂದೆ ಅದಕ್ಕೆ ಎಷ್ಟು ಬೇಕಾಗಿತ್ತು ಎನ್ನುವುದು ಹೆಂಡತಿ ಯಾವಾಗಲೋ ಫೋನಿನಲ್ಲಿ ಹಿಡಿದ ಒಂದು ವಿಡಿಯೊದಿಂದ ಗೊತ್ತಾಗಿದೆ: ಒಂಬತ್ತು. ಅಳಿಸಿದ ವಾರ ಅರವತ್ತಾರು. ಮೊದಲ ತಿಂಗಳ ಕೊನೆಗೆ ನಲವತ್ತು, ಮೂರನೆಯದರಲ್ಲಿ ಇಪ್ಪತ್ತೊಂಬತ್ತು. ಆಮೇಲೆ ಇಳಿಕೆ ನಿಧಾನ. ಈಗ ಹದಿನಾರಕ್ಕೂ ಹದಿನೇಳಕ್ಕೂ ನಡುವೆ ತೂಗುತ್ತಿದೆ. ಬಿಸಿನೀರು ಆರುವುದೂ ಹೀಗೆಯೇ. ಮೊದಲು ಸರಸರ, ಕೊನೆಯ ನಾಲ್ಕು ಡಿಗ್ರಿಗೆ ಯುಗ.

ಈ ಇಳಿಕೆಯ ಜೊತೆ ಇನ್ನೊಂದು ಇಳಿಕೆಯೂ ನಡೆದಿದೆ. ಹೆಬ್ಬೆರಳು. ಇನ್ನು ಒಂದು ವರ್ಷ ಕೆಲಸ ಮಾಡಬಹುದು ಎಂದು ನರಗಳ ಡಾಕ್ಟರು ಹೇಳಿ ಹತ್ತು ತಿಂಗಳಾಯಿತು. ಗುಂಡಿಯ ಸ್ಪ್ರಿಂಗನ್ನು ಸೊನ್ನೆಯಕ್ಕ ಎರಡು ಸಲ ಮೆದುಗೊಳಿಸಿದ್ದಾರೆ, ಬೆಳಕಿನ ಓಟವನ್ನು ಮೂರು ಸಲ ನಿಧಾನಿಸಿದ್ದಾರೆ. ಹೆಬ್ಬೆರಳು ಸೋಲುವುದರೊಳಗೆ ಯಂತ್ರ ಕಲಿಯಬೇಕು. ಕಲಿತರೆ, ದಿನಕ್ಕೆ ನಾಲ್ಕು ಸಲ ಒತ್ತುವಷ್ಟೇ ತ್ರಾಣ ಉಳಿದರೂ ಮನುಷ್ಯ ಎರಡು ಮಾತಾಡಬಹುದು. ಕಲಿಯದಿದ್ದರೆ ಅಷ್ಟರಲ್ಲಿ ಒಂದು ಅಕ್ಷರ. “ನಾನು ಅಳಿಸದೇ ಇದ್ದಿದ್ರೆ ಈ ಓಟವೇ ಇರ್ತಿರ್ಲಿಲ್ಲ,” ಎನ್ನುವ ಸೊನ್ನೆಯಕ್ಕ ಅದಕ್ಕೆ ಸಮಾಧಾನದ ಮಾತು ಬಯಸುವುದಿಲ್ಲ. ಹೇಳಿದರೆ ಕೇಳಿಸಿಕೊಂಡು, ಆಯ್ತು ಎಂದು ಕೆಲಸಕ್ಕೆ ತಿರುಗುತ್ತಾರೆ.

ಐದನೆಯ ತಿಂಗಳಲ್ಲಿ ಒಂದು ಸಂಗತಿ ಬೆಳಕಿಗೆ ಬಂತು. ಒಂದು ಸಂಜೆ ಹೆಂಡತಿ ಒಳಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಾಗ ಮುಂದಿನ ಕೋಣೆಯಿಂದ ದನಿ ಕೇಳಿಸಿತು: “ದಯವಿಟ್ಟು ಕಿಟಕಿ ಹಾಕಿ.” ಅವರು ಗಾಬರಿಯಿಂದ ಸೆರಗು ಸರಿಮಾಡಿಕೊಂಡು ಹೊರಬಂದರು, ಯಾರು ಬಂದಿದ್ದಾರೆ ಎಂದು ನೋಡಲು. ಯಾರೂ ಇರಲಿಲ್ಲ.

ಮರುಬೆಳಿಗ್ಗೆ ಸೊನ್ನೆಯಕ್ಕನ ವಿಚಾರಣೆ ನಡೆಯಿತು. “ಇಪ್ಪತ್ತೆಂಟು ವರ್ಷದ ಸಂಸಾರ ಅಕ್ಕಾ. ಈ ಮನುಷ್ಯನ ಬಾಯಲ್ಲಿ ದಯವಿಟ್ಟು ಅನ್ನೋದು ಬಂದಿಲ್ಲ. ‘ಹಾಕಿ’ ಅಂತೆ, ‘ಹಾಕಿ’! ನಾನೇನು ಜಿಲ್ಲಾಧಿಕಾರಿನಾ? ಎಲ್ಲಿಂದ ಬಂತು ಇದು?”

ಬಂದದ್ದು ಸೊನ್ನೆಯಕ್ಕನ ಬೆರಳಿನಿಂದ. ಹತ್ತೊಂಬತ್ತು ವರ್ಷ ಅರ್ಜಿ ಟೈಪು ಮಾಡಿದ ಕೈ. ಹೆಂಡತಿ ‘ಮುಚ್ಚೇ ಅದನ್ನ’ ಎಂದು ಹೇಳಿದ್ದನ್ನು ಅದು ತನಗರಿವಿಲ್ಲದೆ ‘ದಯವಿಟ್ಟು ಮುಚ್ಚಿ’ ಎಂದು ತಿದ್ದಿ ಹಾಕುತ್ತಿತ್ತು. ಬೈಗುಳಗಳನ್ನಂತೂ ನಾಚಿಕೆಯಿಂದ ಟೈಪು ಮಾಡದೆ ಹಾರಿಸಿಬಿಟ್ಟಿದ್ದರು. ‘ಮುಂಡೇದು’ ಎನ್ನುವ ಪದವಿಲ್ಲದೆ ಲಿಫ್ಟ್ ಮೇಸ್ತ್ರಿ ಯಾವ ಯಂತ್ರದ ಬಗ್ಗೆ ತಾನೇ ಮಾತಾಡಿಯಾರು? ಆ ವಾರ ಬರೀ ಬೈಗುಳದ ಪಾಠ. ಹೆಂಡತಿ ಮುಖ ಅತ್ತ ತಿರುಗಿಸಿ ಹೇಳುವುದು, ಸೊನ್ನೆಯಕ್ಕ ತಲೆ ತಗ್ಗಿಸಿ ಟೈಪು ಮಾಡುವುದು. “ಇದನ್ನ ಹೇಗೆ ಬರೀತಾರೆ?” “ನನಗೇನ್ ಗೊತ್ತು ಅಕ್ಕಾ, ಕೇಳಿದ್ದೇ ಹೊರತು ಬರೆದದ್ದಿಲ್ಲ.” ಮಂಚದ ಮೇಲೆ ಗುಂಡಿ ಟಕ್ ಟಕ್ ಟಕ್ ಎಂದು ಬಡಿಯುತ್ತಿತ್ತು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಮೇಸ್ತ್ರಿ ನಗುತ್ತಿದ್ದರು.

ಆದರೂ ಆ ಅರ್ಜಿಯ ಭಾಷೆ ಪೂರ್ತಿ ಹೋಗಿಲ್ಲ. ಇವತ್ತಿಗೂ ಯಂತ್ರದ ಮಾತಿನ ನಡುವೆ ಸೊನ್ನೆಯಕ್ಕ ಇಣುಕುತ್ತಾರೆ. ‘ಆಯ್ತು ನೋಡೋಣ’, ‘ತೊಂದರೆ ಇಲ್ಲ’, ‘ಸ್ವಲ್ಪ ತಾಳಿ’. ಇವು ಮೇಸ್ತ್ರಿಯ ಮಾತಲ್ಲ ಎಂದು ಮೂವರಿಗೂ ಗೊತ್ತು. ಆದರೆ ಅವು ಮೊದಲ ಸಾಲಿನಲ್ಲೇ ಬಂದು ನಿಲ್ಲುತ್ತವೆ, ಎರಡು ಸಲ ಒತ್ತಿದರೆ ಸಾಕು. ತನ್ನ ಮಾತು ಬೇಕೆಂದರೆ ಹದಿನೈದು ಸಲ. ಸೋಲುತ್ತಿರುವ ಹೆಬ್ಬೆರಳು ಯಾವುದನ್ನು ಆರಿಸಿಕೊಳ್ಳುತ್ತದೆ? “ಸಿಕ್ಕಿದ್ದನ್ನೇ ತಗೊಳ್ತಾರೆ,” ಎನ್ನುತ್ತಾರೆ ಸೊನ್ನೆಯಕ್ಕ. “ಬೇರೆಯವರ ಅಂಗಿ ಹಾಕ್ಕೊಂಡ ಹಾಗೆ. ಮೈ ಮುಚ್ಚುತ್ತೆ, ಅಷ್ಟೇ. ನಾನು ಅವರ ಮಾತು ಅಳಿಸಿದ್ದಲ್ಲದೆ ನನ್ನ ಮಾತು ತುಂಬಿದೆ.” ಅವರು ಈಗ ಟೈಪು ಮಾಡುವಾಗ ಒಂದೊಂದು ಪದವನ್ನೂ ಗಟ್ಟಿಯಾಗಿ ಓದಿ ಮೇಸ್ತ್ರಿಯ ಟಕ್ ಕೇಳಿದ ಮೇಲೆಯೇ ಮುಂದಕ್ಕೆ ಹೋಗುತ್ತಾರೆ. ಹಾಗಾಗಿ ಕೆಲಸ ನಿಧಾನ. ನಿಧಾನಕ್ಕೆ ಸಮಯವಿಲ್ಲ.

ಹೆಂಡತಿಗೆ ಬೇರೆಯೇ ಒಂದು ಕೊರತೆ. ದಿನಾ ಏಳು ಗಂಟೆಗೆ ಅವರು ಹೊರಡುವಾಗ ಮೇಸ್ತ್ರಿ ಏನೋ ಒಂದು ಮಾತು ಹೇಳುತ್ತಿದ್ದರು. ಹಿಂದೆ ಬಾಯಲ್ಲಿ, ಆಮೇಲೆ ಯಂತ್ರದಲ್ಲಿ. ಎರಡು ಸಲ ಒತ್ತಿದರೆ ಅದು ತಾನೇ ಬರುತ್ತಿತ್ತು. ದಿನವೂ ಅದೇ ಮಾತು, ದಿನವೂ ಅವರು ನಕ್ಕು ಬಾಗಿಲು ದಾಟುತ್ತಿದ್ದರು. “ನಗು ನೆನಪಿದೆ. ಗಾಡೀಲಿ ಕೂತ್ಮೇಲೂ ತುಟಿ ಹಾಗೇ ಇರ್ತಿತ್ತು. ಮಾತು ಮಾತ್ರ ಹೋಗ್ಬಿಟ್ಟಿದೆ. ದಿನಾ ಕೇಳೋದನ್ನ ಯಾರು ಕೇಳಿಸ್ಕೊಳ್ತಾರೆ ಹೇಳಿ, ಗಡಿಯಾರದ ಸದ್ದಿನ ಹಾಗೆ.” ಮೇಸ್ತ್ರಿಯನ್ನೇ ಕೇಳಬಹುದಲ್ಲ? ಕೇಳಿದ್ದಾರೆ. ಮೂವತ್ತು ನಲವತ್ತು ಸಲ ಒತ್ತಿ ಮೇಸ್ತ್ರಿ ಕೊಟ್ಟ ಉತ್ತರ, ‘ನನಗೂ ನೆನಪಿಲ್ಲ. ಅದಕ್ಕೆ ನೆನಪಿತ್ತು.’

ಆಮೇಲೂ ಮೇಸ್ತ್ರಿ ಒಂದೆರಡು ಬಗೆಯಲ್ಲಿ ಯತ್ನಿಸಿದರಂತೆ. ಹೆಂಡತಿ ಒಂದೊಂದಕ್ಕೂ, “ಅದಲ್ಲ ರೀ,” ಎಂದರಂತೆ. ಈಚಿನ ಎರಡು ತಿಂಗಳಿಂದ ಮೇಸ್ತ್ರಿ ಆ ಗೋಜಿಗೇ ಹೋಗಿಲ್ಲ. ಏಳಾದಾಗ ಯಂತ್ರ ‘ಹೋಗಿ ಬನ್ನಿ’ ಎನ್ನುತ್ತದೆ. ಎರಡು ಸಲ ಒತ್ತಿದರೆ ಬರುವ ಮಾತು. ಅದೂ ಸೊನ್ನೆಯಕ್ಕನದೇ.

ಈ ಬೆಳಿಗ್ಗೆ ಪಾಠ ಮುಗಿದಿದೆ. ದಿಂಬಿನ ವಾಕ್ಯಕ್ಕೆ ಹದಿನೇಳು. ನಿನ್ನೆಗಿಂತ ಒಂದು ಹೆಚ್ಚು. ಬೆಳಕು ಬಂದು ಹೋದ ಮೇಲೆ ಹೆಬ್ಬೆರಳು ಎರಡು ಸಲ ತಡವಾಗಿ ಇಳಿಯಿತು. ಸೊನ್ನೆಯಕ್ಕ ಬರೆದುಕೊಳ್ಳುತ್ತಾರೆ, ಆ ದಿನ ಕಲಿತದ್ದನ್ನು ಮೂರು ಬೇರೆ ಬೇರೆ ಪೆನ್‌ಡ್ರೈವುಗಳಿಗೆ ನಕಲು ಮಾಡುತ್ತಾರೆ. ಹೊರಗೆ ಲಾಂಡ್ರಿ ಗಾಡಿ ಬಂದು ನಿಂತು ಹಾರ್ನ್ ಹಾಕುತ್ತದೆ. ಶೀತವಾದ ಬಾತುಕೋಳಿಯಂಥ ಸದ್ದು. ಹೆಂಡತಿ ಚಪ್ಪಲಿಗೆ ಕಾಲು ತೂರಿಸಿ, ‘ಹೋಗಿ ಬನ್ನಿ’ಗಾಗಿ ಬಾಗಿಲಲ್ಲಿ ನಿಲ್ಲುತ್ತಾರೆ.

ಯಂತ್ರ ಸುಮ್ಮನಿದೆ. ಮೊದಲ ಸಾಲಿನಲ್ಲೇ ‘ಹೋಗಿ ಬನ್ನಿ’ ಸಿದ್ಧವಾಗಿ ನಿಂತಿದೆ. ಹಳದಿ ಬೆಳಕು ಅದರ ಮೇಲೆ ಬರುತ್ತದೆ, ಹೆಬ್ಬೆರಳು ಇಳಿಯುವುದಿಲ್ಲ. ಬೆಳಕು ಕೆಳಗಿಳಿದು ಅಕ್ಷರಗಳ ಸಾಲಿಗೆ ಹೋಗುತ್ತದೆ. ಅಲ್ಲಿ ಟಕ್.

“ಏನ್ರೀ? ಗಾಡಿ ಬಂದಿದೆ.”

ಟಕ್. ಟಕ್. ಎರಡನೆಯ ಹಾರ್ನು. ಸೊನ್ನೆಯಕ್ಕನಿಗೆ ಪರದೆ ಕಾಣುತ್ತಿದೆ. ಮುಂದಿನ ಪದ ಯಾವುದೆಂದು ಊಹಿಸಲೂ ಆಗುತ್ತಿದೆ. ತುಟಿಯವರೆಗೆ ಬಂದದ್ದನ್ನು ಅವರು ನುಂಗಿಕೊಳ್ಳುತ್ತಾರೆ. ಹೆಬ್ಬೆರಳು ಒಂದು ಕಡೆ ತಪ್ಪಿ, ಹಿಂದಕ್ಕೆ ಹೋಗಿ, ಅಳಿಸಿ, ಮತ್ತೆ ಹೊರಡುತ್ತದೆ. ಹಣೆಯ ಮೇಲೆ ಬೆವರಿನ ಸಾಲು. ಮೂರನೆಯ ಹಾರ್ನು ಉದ್ದಕ್ಕೆ ಎಳೆಯುತ್ತದೆ. ಹೆಂಡತಿ ಹೊರಗೆ ಕೈಮಾಡಿ “ಇರಪ್ಪಾ!” ಎಂದು ಕೂಗಿ ಅಲ್ಲೇ ನಿಂತಿದ್ದಾರೆ. ಮೂರೂವರೆ ನಿಮಿಷವಾದ ಮೇಲೆ ಗಂಡಸಿನ ದನಿ, ಏರಿಳಿತವಿಲ್ಲದೆ, ಹೇಳುತ್ತದೆ:

“ಆ ಮುಂಡೇದಕ್ಕೆ ಗಂಟಲು ಕಟ್ಟಿದೆ. ಬಿಸಿನೀರು ಕುಡಿಸು ಅಂತ ಡ್ರೈವರಿಗೆ ಹೇಳು.”

ಆಮೇಲೆ ಹೆಂಡತಿಗೆ ನಗು ಬರುತ್ತದೆ, ಬಾಗಿಲ ಚೌಕಟ್ಟು ಹಿಡಿದುಕೊಳ್ಳುವಷ್ಟು. “ಅದಲ್ಲ ರೀ,” ಎನ್ನುತ್ತಾರೆ, ಕಣ್ಣೊರೆಸಿಕೊಂಡು, “ಅದಲ್ಲ,” ಎನ್ನುತ್ತಲೇ ಮೆಟ್ಟಿಲಿಳಿದು ಓಡುತ್ತಾರೆ. ಗಾಡಿಯ ಬಾಗಿಲು ದಢ್ ಎಂದು ಮುಚ್ಚಿದ್ದು ಕೇಳಿಸುತ್ತದೆ. ಮೇಸ್ತ್ರಿ ಕಣ್ಣು ಮುಚ್ಚಿದ್ದಾರೆ. ಹೆಬ್ಬೆರಳು ಗುಂಡಿಯಿಂದ ಜಾರಿ ಹಾಸಿಗೆಯ ಮೇಲೆ ಬಿದ್ದಿದೆ. ಇವತ್ತಿನ ಮಟ್ಟಿಗೆ ಅದು ಇನ್ನು ಏಳಲಾರದು.

ಸೊನ್ನೆಯಕ್ಕ ಅದನ್ನು ಎತ್ತಿ ಗುಂಡಿಯ ಪಕ್ಕದ ಮೆತ್ತೆಯ ಮೇಲಿಡುತ್ತಾರೆ. ಆಮೇಲೆ ನೋಟ್‌ಪುಸ್ತಕ ತೆರೆದು, ಹದಿನೇಳರ ಕೆಳಗೆ ಇನ್ನೊಂದು ಅಂಕಿ ಬರೆಯುತ್ತಾರೆ. ಐವತ್ತೆಂಟು. ಈ ಐದಾರು ತಿಂಗಳಲ್ಲಿ ಇಷ್ಟು ದೊಡ್ಡ ಅಂಕಿ ಆ ಪುಸ್ತಕದಲ್ಲಿ ಬಂದಿಲ್ಲ. ಅದನ್ನೇ ಸ್ವಲ್ಪ ಹೊತ್ತು ನೋಡಿ, ಪುಸ್ತಕವನ್ನು ಈ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸುತ್ತಾರೆ.

“ಇದ್ರಲ್ಲಿ ನನ್ನದು ಒಂದು ಪದವೂ ಇಲ್ಲ.”